ಮೊರದ ಮೇಲೆ ಮಲಗಿದ ಅಪ್ಪ

ಅಪ್ಪನ ಕತ್ತಿನ ಹಿಂದೆ ನಿಂಬೆಹಣ್ಣಿನಷ್ಟು ದಪ್ಪನೆಯ ಒಂದು ಗಂಟಿತ್ತು. ರಂಗೂನಿನ ಅಕ್ಕಿ ಮಿಲ್ಲುಗಳಲ್ಲಿ ಹದಿನೆಂಟು ವರ್ಷ ಮೂಟೆ ಹೊತ್ತು ಬೆಳೆದ ಗಂಟು. ಅಂಗಿಯ ಕಾಲರು ಅದರ ಮೇಲೆ ಕೂರುತ್ತಿರಲಿಲ್ಲ. ಅಂಗಾತ ಮಲಗಲಾಗದೆ ಸದಾ ಮಗ್ಗುಲಾಗಿಯೇ ಮಲಗುತ್ತಿದ್ದ. ಅಪ್ಪ ಅಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಆ ಗಂಟು, ಮುಖವಲ್ಲ. ಅಪ್ಪ ಎಂದು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಅವನು ಬದುಕಿದ್ದಾಗ ಎದುರಿಗೆ ಒಂದು ಸಲವೂ ಹಾಗೆ ಕರೆಯಲಿಲ್ಲ.

ಅವನು ಊರು ಬಿಟ್ಟಾಗ ನನಗೆ ಮೂರು ವರ್ಷ. ಕಲ್ಯಾಣದುರ್ಗದ ಹತ್ತಿರದ ನಮ್ಮ ಹಳ್ಳಿಯಿಂದ ಮದರಾಸಿಗೆ ಹೋಗಿ, ಅಲ್ಲಿ ಹಡಗು ಹತ್ತಿದ. "ಎರಡೇ ವರ್ಷ, ಬಂದ್ಬುಡ್ತೀನಿ" ಅಂದಿದ್ದನಂತೆ. ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ತವರೂರು ಹಿಂದೂಪುರಕ್ಕೆ ಬಂದಳು. ಹುಣಿಸೆಹಣ್ಣಿನ ಮಂಡಿಯಲ್ಲಿ ಬೀಜ ಬಿಡಿಸುವ ಕೆಲಸ ಹಿಡಿದಳು. ಹುಳಿ ತಿಂದು ಅವಳ ಬೆರಳ ಸಂದಿಗಳು ಬಿರುಕು ಬಿಟ್ಟಿದ್ದವು. ಮುದ್ದೆ ಮುರಿದು ಬಿಸಿ ಸಾರಿಗೆ ಅದ್ದುವಾಗ ಹಲ್ಲು ಕಚ್ಚುತ್ತಿದ್ದಳು. ನನ್ನನ್ನು ಓದಿಸಿದ್ದು ಆ ಬೆರಳುಗಳು.

ಹನ್ನೆರಡು ವರ್ಷ ಕಳೆದರೂ ಅವನ ಸುದ್ದಿ ಬರಲಿಲ್ಲ. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ತಿಳಿದು ಕರ್ಮ ಮಾಡಿ ಮುಗಿಸಬೇಕು ಎಂದು ಕುಲದ ಹಿರಿಯರು ತೀರ್ಮಾನಿಸಿದರು. ಹುಲ್ಲಿನಲ್ಲಿ ಆಳೆತ್ತರದ ಗೊಂಬೆ ಕಟ್ಟಿ ಚಟ್ಟದ ಮೇಲಿಟ್ಟರು. ನಮ್ಮಲ್ಲಿ ಸುಡುಗಾಡಿನ ಅರ್ಧ ದಾರಿಯಲ್ಲಿ ಚಟ್ಟ ಇಳಿಸುತ್ತಾರೆ. ಮಗನಾದವನು ಬಗ್ಗಿ ಸತ್ತವರ ಕಿವಿಯಲ್ಲಿ ಮೂರು ಸಲ ಕೂಗಬೇಕು. ಜೀವವೇನಾದರೂ ಉಳಿದಿದ್ದರೆ ಓಗೊಡಲಿ ಎಂದು.

"ಕಿವಿ ಯಾವ ಕಡೆ, ಮಾವ?" ಎಂದು ಕೇಳಿದೆ.

"ಯಾವ ಕಡೆನಾರ ಕೂಗ್ಲಾ, ಎರಡು ಕಡೆನೂ ಹುಲ್ಲೇ" ಅಂದ ಸೋದರಮಾವ. ಒಂದಿಬ್ಬರು ನಕ್ಕರು.

ಹದಿನೈದು ವರ್ಷದ ನಾನು ಆ ಹುಲ್ಲಿಗೆ ಬಾಯಿಟ್ಟು "ಅಪ್ಪಾ" ಎಂದು ಮೂರು ಸಲ ಕೂಗಿ, ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಅವ್ವನ ಬಳೆ ಒಡೆದರು. ಅಲ್ಲಿಂದ ಮುಂದೆ ಯಾವ ಅರ್ಜಿಯಲ್ಲೇ ಆಗಲಿ, ತಂದೆಯ ಹೆಸರಿನ ಹಿಂದೆ 'ದಿವಂಗತ' ಎಂದು ಬರೆಯುವುದು ನನಗೆ ರೂಢಿಯಾಯಿತು.

ನಮ್ಮ ಕುಲದಲ್ಲಿ ಮೊದಲು ಬಿ.ಎ. ಪಾಸು ಮಾಡಿದವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಕಲ್ಯಾಣದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ವರ್ಷ ತುಂಬಿರಲಿಲ್ಲ. ಒಂದು ಭಾನುವಾರ ಹಿಂದೂಪುರದ ಬಸ್ಸಿನಿಂದ ಇಳಿದ ಅವ್ವ ನನ್ನ ಬಾಡಿಗೆ ಕೋಣೆಗೆ ಬಂದಳು. ಹಿಂದೆ ಗೀರು ಗೀರಿನ ಲುಂಗಿ ಉಟ್ಟ, ತಗಡಿನ ಪೆಟ್ಟಿಗೆ ಹಿಡಿದ ಒಬ್ಬ ಕಪ್ಪು ಮನುಷ್ಯ.

"ನಿಮ್ಮಪ್ಪ ಕಣ್ಲಾ" ಅಂದಳು, ನೆಲ ನೋಡುತ್ತಾ.

ಬರ್ಮಾದ ಹೊಸ ಸರ್ಕಾರ ನಮ್ಮ ಜನರನ್ನು ಹೊರಹಾಕಿತ್ತು. ಅವನು ಬಂದ ಹಡಗಿನ ತುಂಬ ಅಂಥವರೇ ಇದ್ದರಂತೆ. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

"ಕೂತ್ಕೊಳ್ಳಿ" ಅಂದೆ. ನಮ್ಮ ಕಡೆ ಅಪ್ಪನಿಗೆ ಯಾರೂ ಹೀಗೆ ಬಹುವಚನ ಹಚ್ಚುವುದಿಲ್ಲ. ಅದು ಕಚೇರಿಗೆ ಬಂದ ಅಪರಿಚಿತರಿಗೆ ನಾನು ಆಡುತ್ತಿದ್ದ ಮಾತು. ಅವನಿಗೂ ಅದು ತಿಳಿಯಿತು. ಕೂರಲಿಲ್ಲ.

"ಒಂದು ಕಾಗದ ಬರೆಸೋಕೆ ಏನಾಗಿತ್ತು ನಿಮಗೆ?"

"ಬರ್ಸಿದ್ರೆ ಓದಕ್ಕೆ ನಿಮ್ಮನೇಲಿ ಯಾರಿದ್ರಪ್ಪ?"

"ನಾನಿದ್ದೆ. ನಾನು ಓದ್ತಿದ್ದೆ."

ಕೈಯಲ್ಲಿದ್ದ ಪೆಟ್ಟಿಗೆಯನ್ನು ನೆಲಕ್ಕಿಟ್ಟ. ಆಮೇಲೆ, "ಮೊದಲ್ನೇ ವರ್ಷ ಕೈಯಾಗೆ ಏನೂ ಇರ್ಲಿಲ್ಲ. ಏನಂತ ಬರ್ಸಾದು? ಮುಂದಿನ ವರ್ಷ ಬರ್ಸಾನ ಅಂದೆ. ಆಮ್ಯಾಕೆ ನಾಚ್ಕೆ ಆಯ್ತು. ಇಷ್ಟ್ ದಿನ ಯಾಕೆ ಬರ್ಸಿಲ್ಲ ಅಂತ ಕೇಳ್ತೀರಲ್ಲ ಅಂತ" ಅಂದ.

"ಅಲ್ಲಿ ಒಬ್ಬಳು ಇದ್ದಳಾ?"

"ಇದ್ಲು. ಹಡಗಿಗೆ ಬರ್ಲಿಲ್ಲ. ಅದು ಅವಳ ದೇಶ. ಅಲ್ಲಿ ನಾನು ಪರದೇಶಿ."

ಅವ್ವ ಗೋಡೆಗೆ ಮುಖ ತಿರುಗಿಸಿಕೊಂಡಳು. ನನಗೆ ಹೊಡೆಯಬೇಕೆನಿಸಿತು. ಹೊಡೆಯಲು ಅಲ್ಲಿ ಏನೂ ಉಳಿದಿರಲಿಲ್ಲ. ಅದೇ ಇನ್ನಷ್ಟು ರೇಗಿಸಿತು.

ಊರಲ್ಲಿ ಸುದ್ದಿ ಹಬ್ಬಿತು. "ಏಮಪ್ಪಾ, ಚಚ್ಚಿನೋಡು ತಿರಿಗಿ ವಚ್ಚಿನಾಡಂಟ! ಸತ್ತೋನು ವಾಪಸ್ ಬಂದವ್ನಂತೆ!" ಎಂದು ಹಿರಿಯರೊಬ್ಬರು ತೆಲುಗು ಕನ್ನಡ ಎರಡರಲ್ಲೂ ನಗಾಡಿದರು. ಆದರೆ ಕರ್ಮ ಮುಗಿದವನನ್ನು ಹಾಗೇ ಮನೆ ಸೇರಿಸುವಂತಿಲ್ಲ ಅಂದರು. ಅವನು ಮತ್ತೆ ಹುಟ್ಟಬೇಕು. ತಲೆ ಬೋಳಿಸಿ, ಮೀಯಿಸಿ, ಎಳೆಗೂಸಿನ ಹಾಗೆ ಮೊರದ ಮೇಲೆ ಮಲಗಿಸಿ ಹೆಸರಿಡಬೇಕು. ಕೊಳ್ಳಿ ಇಟ್ಟವನೇ ಕಿವಿಯಲ್ಲಿ ಅವನ ಹಳೆಯ ಹೆಸರನ್ನೇ ಮೂರು ಸಲ ಹೇಳಬೇಕು.

"ನಾನು ಮಾಡಲ್ಲ. ಅವರಿಗೆ ಮಗ ಬೇಕಿದ್ದಾಗ ಬರಬೇಕಿತ್ತು" ಎಂದೆ ಅವ್ವನಿಗೆ.

"ನಂಗೂ ಅವ್ನೇನು ಬ್ಯಾಡ ಕಣಪ್ಪ. ನನ್ನ ಬಳೆ ಬೇಕು. ಗಂಡ ಬದುಕವ್ನೆ, ನಾನ್ಯಾಕೆ ಬರಿಗೈಲಿ ತಿರುಗ್ಲಿ?"

ಆ ಬಳೆಗಾಗಿ ಒಪ್ಪಿದೆ.

ಹಳ್ಳಿಯ ಮನೆಯ ಮುಂದೆ ಐವತ್ತು ಜನ. ಮೊರದಲ್ಲಿ ಅವನ ತಲೆಯಷ್ಟೇ ಹಿಡಿಸಿತು. ಕೂಸು ಬಲಿತುಬಿಟ್ಟಿದೆ ಎಂದು ಹೆಂಗಸರು ನಕ್ಕರು. ಗಂಟು ಒತ್ತುತ್ತದೆಂದು ಮಗ್ಗುಲಾದ. ಕಿವಿ ನನ್ನ ಕಡೆಗೇ ಬಂತು. ನಾನು ಬಗ್ಗಿದೆ. ಹುಲ್ಲಿಗೆ ಬಾಯಿಟ್ಟು ಅತ್ತ ಹುಡುಗ ನೆನಪಾದ. ಅವ್ವನ ಬೆರಳು ನೆನಪಾದವು. ನನ್ನ ತುಟಿ ಮೂರು ಸಲ ಆಡಿದವು. ಹೆಸರು ಹೇಳಲಿಲ್ಲ. ಉಸಿರು ಕೂಡ ಬಿಡಲಿಲ್ಲ. ಬೇಕೆಂದೇ.

"ಕೇಳುಸ್ತೇನಪ್ಪಾ?" ಎಂದು ಹಿರಿಯರು ಕೇಳಿದರು.

ಅಪ್ಪ ಕಣ್ಣು ತೆರೆದು ನನ್ನನ್ನು ನೋಡಿದ. ಆಮೇಲೆ ಅವ್ವನ ಬರಿಗೈಯನ್ನು ನೋಡಿದ.

"ಕೇಳುಸ್ತು" ಅಂದ. ಎಲ್ಲರಿಗೂ ಕೇಳುವ ಹಾಗೆ ಅಂದ.

ಬಳೆಗಾರ್ತಿ ಅವ್ವನ ಕೈಗೆ ಹಸಿರು ಗಾಜಿನ ಬಳೆ ಏರಿಸಿದಳು.

ಆಮೇಲೆ ನಾಲ್ಕು ವರ್ಷ ಬದುಕಿದ್ದ. ಕಲ್ಯಾಣದುರ್ಗದಲ್ಲಿ ನನ್ನ ಮನೆಯಲ್ಲೇ ಇದ್ದರು ಇಬ್ಬರೂ. ರಂಗೂನಿನ ರೂಢಿಯಂತೆ ಹಾಲು ಹಾಕದ ಟೀ ಕುಡಿಯುತ್ತಿದ್ದ. ಹುಣಿಸೆಯ ಎಳೆ ಚಿಗುರನ್ನು ಬೇಯಿಸದೆ, ಹುರಿದ ಕಡ್ಲೆಕಾಯಿ ಬೀಜ ಕುಟ್ಟಿ ಹಾಕಿ, ಎಣ್ಣೆ, ಈರುಳ್ಳಿ ಸೇರಿಸಿ ಕೈಯಲ್ಲಿ ಹಿಸುಕಿ ತಿನ್ನುತ್ತಿದ್ದ. "ಇದೇನು ದನದ ಮೇವು" ಎಂದು ಅವ್ವ ಬೈಯುತ್ತಿದ್ದಳು. ಒಂದು ದಿನ ಅವನ ತಟ್ಟೆಯಿಂದಲೇ ಎತ್ತಿ ತಿಂದದ್ದನ್ನು ನೋಡಿದೆ. ನನಗೆ ಅಂಥ ಸಲಿಗೆ ಬರಲೇ ಇಲ್ಲ. ಬೆಳಗ್ಗೆ ನನ್ನ ಸೈಕಲ್ ಒರೆಸಿ ಬಾಗಿಲಿಗೆ ನಿಲ್ಲಿಸಿರುತ್ತಿದ್ದ. ಒರೆಸಬೇಡಿ ಎಂದು ರೇಗಿದರೆ ಮಾರನೆಯ ದಿನ ನಾನು ಏಳುವ ಮುಂಚೆಯೇ ಒರೆಸಿಟ್ಟಿರುತ್ತಿದ್ದ. ಮೊರದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಆದರೆ ಒಂದು ಸಂಗತಿ ನನ್ನ ಗಮನಕ್ಕೆ ಬಂದಿತ್ತು. ಅಂದಿನಿಂದ ಅವನು ತನ್ನ ಹೆಸರನ್ನು ಬಾಯಿ ಬಿಟ್ಟು ಹೇಳಲಿಲ್ಲ. ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಯಾರಾದರೂ ಕೇಳಿದರೆ, "ಗುಮಾಸ್ತರ ಅಪ್ಪ, ಹಂಗೇ ಬರ್ಕೊಳ್ಳಿ" ಅನ್ನುತ್ತಿದ್ದ. ಹೆಸರನ್ನು ಕೊಡದೆ ಉಳಿಸಿಕೊಂಡವನ ಅಪ್ಪಣೆಯಿಲ್ಲದೆ ಅದನ್ನು ಮುಟ್ಟಬಾರದು ಎನ್ನುವ ಹಾಗೆ. ಇವತ್ತಾದರೂ ಆ ಹೆಸರು ಹೇಳಿಬಿಡೋಣ ಎಂದು ಎಷ್ಟೋ ಸಲ ಅವನ ಹತ್ತಿರ ಹೋಗಿದ್ದೇನೆ. ಹೋಗಿ, ಸೈಕಲ್ಲಿನ ಗಾಳಿಯ ವಿಷಯ ಮಾತಾಡಿ ಬಂದಿದ್ದೇನೆ. ಓದಿದವನ ಹಟ, ಬೇರೇನಲ್ಲ.

ಹೊಟ್ಟೆನೋವು ಎಂದು ಮಲಗಿದವನು ಎಂಟೇ ದಿನಕ್ಕೆ ಹೋಗಿಬಿಟ್ಟ. ಅರ್ಧ ದಾರಿಯಲ್ಲಿ ಚಟ್ಟ ಇಳಿಸಿದರು. ಈ ಸಲ ಕಿವಿ ಯಾವ ಕಡೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಗ್ಗಿ, ಅವನ ಹೆಸರನ್ನು ಮೂರು ಸಲ ಹೇಳಿದೆ. ಅಷ್ಟು ಸಾಕೆಂದು ಹಿರಿಯರು ಭುಜ ಹಿಡಿದರು. ಬಿಡಿಸಿಕೊಂಡು "ಅಪ್ಪಾ" ಎಂದೂ ಮೂರು ಸಲ ಕೂಗಿದೆ. ಹಿಂದೆ ಇದ್ದವರಿಗೆಲ್ಲ ಕೇಳಿಸಿತಂತೆ.

ಕೇಳುಸ್ತು ಅನ್ನಬೇಕಾದವನು ಮಾತ್ರ ಅನ್ನಲಿಲ್ಲ.