ಬರೇ ತೌಡು

ಅಪ್ಪನ ಅಂಗಿಗೆ ಸದಾ ಎಣ್ಣೆ ತೆಗೆದ ಶೇಂಗಾ ಹಿಂಡಿಯ ವಾಸನೆ. ಭೂತನಾಳ ಕೆರೆಯ ಬದಿಗಿದ್ದ ತೊಟ್ಟಿಗಳಲ್ಲಿ ಮೀನುಮರಿ ಸಾಕುವುದು ಅವನ ನೌಕರಿ. ಹಿಂಡಿ ಕುಟ್ಟಿ, ಅಕ್ಕಿ ತೌಡು ಬೆರೆಸಿ, ಹೊತ್ತಿಗೆ ಸರಿಯಾಗಿ ನೀರಿಗೆ ಹಾಕಬೇಕು. ಮೀನು ಮುಟ್ಟದ ಮನೆತನ ನಮ್ಮದು. ವಿಜಾಪುರದ ನಮ್ಮ ಓಣಿಯವರು ಅವನನ್ನು ಕಾಡಿಸಿದ್ದೇ ಕಾಡಿಸಿದ್ದು. ಸರ್ಕಾರದ ಸಂಬಳಕ್ಕೆ ಯಾವ ಮೈಲಿಗೆಯೂ ಇಲ್ಲವೆಂದು ತಿಕೋಟಾದ ಅಜ್ಜಿ ಮಾತ್ರ ಬಾಯಿ ಮುಚ್ಚಿಕೊಂಡಿದ್ದಳು.

ಎಪ್ಪತ್ತರ ದಶಕದ ನಡುವಿನ ಮಾತು. ಎರಡು ತುಂಬಿದ ನನ್ನ ತಮ್ಮನಿಗೆ ದಡಾರ ಬಂತು. ದೇವಿ ಅಮ್ಮ ಬಂದಾಳೆಂದು, ಆಗ ನಮ್ಮಲ್ಲೇ ಉಳಿದಿದ್ದ ಅಜ್ಜಿ ಪಥ್ಯ ಹಿಡಿಸಿದಳು. ಹಾಲಿಲ್ಲ, ಬೇಳೆಯಿಲ್ಲ, ಶೇಂಗಾ ಅಂತೂ ಇಲ್ಲವೇ ಇಲ್ಲ. ಜೋಳದ ಗಂಜಿ ಅಷ್ಟೇ. ದಡಾರ ಇಳಿದರೂ ಜ್ವರ, ಭೇದಿ ಬಿಡಲಿಲ್ಲ, ಪಥ್ಯವೂ ಬಿಡಲಿಲ್ಲ. ಆಮೇಲೆ ಕೂಸಿನ ಕೆನ್ನೆ ತುಂಬಿದವು, ಕಾಲು ತುಂಬಿದವು. ಅಯ್ಯೋ, ನಮ್ಮ ಸಂಭ್ರಮವೇ! ಮೈ ಹಿಡಿದಾನೆ ಎಂದು ಅಜ್ಜಿ ದೃಷ್ಟಿ ತೆಗೆದಳು. ಅದು ಬಾವು. ಒಂದು ಮುಂಜಾನೆ ಅವ್ವನ ತೊಡೆಯ ಮೇಲೇ ಹೋಗಿಬಿಟ್ಟ.

ಯಾಕೆ ಸತ್ತ ಎಂದು ಅವ್ವ ಕೇಳದವರಿಲ್ಲ. ದೇವಿಯ ಸಿಟ್ಟು ಎಂದರು, ಕಣ್ಣು ತಾಕಿತು ಎಂದರು, ಹಣೆಬರಹ ಎಂದರು. ಯಾವುದೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ದಿನಾ ಗಂಜಿ ಕುಡಿಯುತ್ತಿದ್ದ ಕೂಸು ಹಸಿದು ಸತ್ತಿದ್ದಲ್ಲ, ಮತ್ತೆ ಯಾಕೆ ಸತ್ತ? ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಅದನ್ನೇ ಕೇಳುತ್ತಿದ್ದಳು.

ಮರುವರ್ಷ ಬಬಲೇಶ್ವರ ಕಡೆಯ ರೈತರೊಬ್ಬರು ಮನೆಗೆ ಬಂದರು. ಅಪ್ಪನ ತೊಟ್ಟಿಯಿಂದ ಮರಿ ಒಯ್ದು ತಮ್ಮ ತೋಟದ ಹೊಂಡಕ್ಕೆ ಬಿಟ್ಟಿದ್ದರು. ಮರಿಗಳ ಉಬ್ಬಿದ ಹೊಟ್ಟೆ ನೋಡಿ ಭೇಷ್ ಬೆಳೆದಾವೆ ಎಂದು ಹಿಗ್ಗಿದ್ದರಂತೆ. ನೋಡಿದರೆ ಉದ್ದ ಬೆಳೆದೇ ಇಲ್ಲ, ಈಗ ಒಂದೊಂದೇ ಸಾಯುತ್ತಿವೆ. ಏನು ಹಾಕುತ್ತೀರಿ ಎಂದು ಅಪ್ಪ ಕೇಳಿದ. ತೌಡು, ಬೇಕಾದಷ್ಟು ತೌಡು ಎಂದರು ಅವರು.

“ಬರೇ ತೌಡು ಹಾಕಿದ್ರ ಹೊಟ್ಟಿ ತುಂಬತೈತ್ರಿ, ಮೈ ಬೆಳ್ಯಾಂಗಿಲ್ಲ. ಸಣ್ಣ ಮರಿಗೆ ಹಿಂಡಿ ಬೇಕ ಬೇಕು,” ಎಂದ ಅಪ್ಪ. ಮೈ ಕಟ್ಟುವ ಸತ್ವ ಇರುವುದು ಹಿಂಡಿಯಲ್ಲಿ. ಹಾಗಂತ ಬರೀ ಹಿಂಡಿಯೂ ನಡೆಯದು. ಓಡಾಡುವ ಕಸುವಿಗೆ ತೌಡು ಇಲ್ಲದಿದ್ದರೆ ಮರಿ ಆ ಹಿಂಡಿಯನ್ನೇ ಸುಟ್ಟುಕೊಳ್ಳುತ್ತದೆ. ಎರಡೂ ಕೂಡಿರಬೇಕು. ದೊಡ್ಡ ಮೀನು ಹೇಗೋ ತಡೆದೀತು, ಬೆಳೆಯುವ ಮರಿ ತಡೆಯದು. ಹೀಗೆ ಬಿಡಿಸಿ ಬಿಡಿಸಿ ಹೇಳಿದ. ಎಷ್ಟು ಚೆಂದ ಹೇಳುತ್ತಿದ್ದ ನನ್ನಪ್ಪ!

ಚಹಾ ಕೊಟ್ಟ ಅವ್ವ ಒಳಗೆ ಹೋಗದೆ ಬಾಗಿಲಲ್ಲೇ ನಿಂತಿದ್ದಳು. ಬಂದವರು ಹೋದ ಮೇಲೆ ಅಪ್ಪನ ಎದುರು ಕೂತಳು.

“ಇದು ನಿಮಗ ಆವಾಗ ಗೊತ್ತಿತ್ತೇನ್ರಿ? ನಮ್ಮ ಕೂಸು ಬರೇ ಗಂಜಿ ಕುಡೀತಿದ್ದಾಗ?”

ಅಪ್ಪ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟ.

“ಮೀನಿನ ವಿಚಾರ ಅಷ್ಟ ಗೊತ್ತಿತ್ತು,” ಎಂದ.