ಆ ಕಡೆ ಇರುವುದು ಯಂತ್ರ ಎಂದುಕೊಂಡಾಗ

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ನಾನಾಗ ಸಿ.ವಿ. ರಾಮನ್ ನಗರದ ಒಂದು ಕಂಪನಿಯಲ್ಲಿ ಸೀನಿಯರ್ ಸರ್ವೀಸ್ ಎಂಜಿನಿಯರ್. ಆಸ್ಪತ್ರೆಯ ಡಯಾಲಿಸಿಸ್ ಯಂತ್ರ ತೊಂದರೆ ಕೊಟ್ಟರೆ ಅಲ್ಲಿನ ಟೆಕ್ನೀಷಿಯನ್ ಚಾಟ್‌ನಲ್ಲಿ ಬರೆಯಬೇಕು, ನಾವು ಇಲ್ಲಿಂದಲೇ ದಾರಿ ಹೇಳಬೇಕು. ಮೊದಲ ಪ್ರಶ್ನೆಗಳನ್ನು ಕೇಳುವುದು ಬಾಟ್, ಅಂದರೆ ಕಂಪ್ಯೂಟರೇ. ಅದರ ಕೈಲಾಗದಿದ್ದರೆ ನಾವು.

ಒಂದು ಮಧ್ಯಾಹ್ನ ಶಿವಾಜಿನಗರದ ಸಣ್ಣ ಆಸ್ಪತ್ರೆಯಿಂದ ಇಮ್ರಾನ್ ಎಂಬ ಟೆಕ್ನೀಷಿಯನ್ ಬರೆದ. ಯಂತ್ರ ಕಂಡಕ್ಟಿವಿಟಿ ಅಲಾರಂ ಹೊಡೆಯುತ್ತಿತ್ತು. ರಕ್ತ ಶುದ್ಧಿಗೆ ಬಳಸುವ ದ್ರಾವಣದಲ್ಲಿ ಲವಣದ ಪ್ರಮಾಣ ತಪ್ಪಿದೆ ಎಂದು ಅದರರ್ಥ. ಸರಿಯಾಗುವವರೆಗೆ ರೋಗಿಗೆ ಜೋಡಿಸುವಂತಿಲ್ಲ. ಹಿಂದಿನ ಸರದಿಗೆ ಬರಲಾಗದಿದ್ದ ಒಬ್ಬ ಅಜ್ಜಿ ಏದುಸಿರು ಬಿಡುತ್ತ ಕಾಯುತ್ತಿದ್ದಾರೆ, ಬೇರೆ ಯಂತ್ರ ಖಾಲಿ ಇಲ್ಲ ಎಂದಷ್ಟೇ ತಿಳಿಸಿದ್ದ.

ಬಾಟ್ ಕೈಚೆಲ್ಲಿದ ಮೇಲೆ ನಾನು ಕುಳಿತೆ. ದ್ರಾವಣದ ಕ್ಯಾನ್ ಜೋಡಿಸಿದೆಯೇ? ‘ಯೆಸ್.’ ಪೈಪಿನಲ್ಲಿ ಗಾಳಿ ಸೇರಿದೆಯೇ? ‘ನೋ.’ ಯಂತ್ರದಲ್ಲಿ ಬೇರೆ ತೊಂದರೆ? ‘ನೋ.’ ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವ ಹಾಗೆ. ನನಗೆ ರೇಗಿತು. ಎದುರಿಗೆ ಅಜ್ಜಿ ಒದ್ದಾಡುತ್ತಿರುವಾಗ ಯಾರಾದರೂ ಹೀಗೆ ಕಡ್ಡಿ ಮುರಿದಂತೆ ಉತ್ತರಿಸುತ್ತಾರೆಯೇ? ಆಗ ಹೊಳೆಯಿತು, ಇವನು ನನ್ನನ್ನೂ ಬಾಟ್ ಎಂದುಕೊಂಡಿದ್ದಾನೆ. ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಟೈಪ್ ಮಾಡಿದೆ: ‘ಇಮ್ರಾನ್, ನಾನು ಸುಮಿತ್ರಾ. ಊಟ ಆಯ್ತೇನಪ್ಪಾ?’

ಅಷ್ಟೇ, ಕಟ್ಟೆ ಒಡೆಯಿತು.

‘ಅಯ್ಯೋ ಮೇಡಂ, ನೀವು ಮನುಷ್ಯರಾ? ಇಷ್ಟೊತ್ತೂ ಮಷೀನ್ ಅನ್ಕೊಂಡಿದ್ದೆ. ಊಟ ಎಲ್ಲಿ ಮೇಡಂ, ಬೆಳಿಗ್ಗೆ ಬೇರೆ ಕಂಪನಿ ಕ್ಯಾನ್ ಬಂತು, ಅದನ್ನ ಇಳಿಸೋದ್ರಲ್ಲೇ ಟೈಮ್ ಹೋಯ್ತು.’

‘ಬೇರೆ ಕಂಪನೀದಾ? ಲೇಬಲ್ ಫೋಟೋ ಕಳ್ಸು.’

ಫೋಟೋ ನೋಡಿದ ಕೂಡಲೇ ಗೊತ್ತಾಯಿತು. ಆ ದ್ರಾವಣವನ್ನು ನೀರಿಗೆ ಬೆರೆಸುವ ಅನುಪಾತವೇ ಬೇರೆ, ನಮ್ಮ ಯಂತ್ರದ ಸೆಟ್ಟಿಂಗ್‌ಗೆ ಹೊಂದುವಂಥದ್ದಲ್ಲ. ಪುಣ್ಯಕ್ಕೆ ಹಳೆಯ ಕ್ಯಾನ್ ಒಂದು ಉಳಿದಿತ್ತು. ಅದನ್ನು ಜೋಡಿಸಿ, ಯಂತ್ರ ತೊಳೆಸಿ, ಮತ್ತೆ ಪರೀಕ್ಷೆ ಮಾಡಿಸಿದೆ. ಅಲಾರಂ ನಿಂತಿತು. ಸಂಜೆ ಇಮ್ರಾನ್ ಬರೆದ: ‘ಅಜ್ಜಿ ಆರಾಮಾಗಿದ್ದಾರೆ ಮೇಡಂ. ಟೀ ಬೇಕಂತೆ.’ ಓದಿ ನನಗೆ ಕಣ್ಣು ತುಂಬಿ ಬಂತು.

ಇಮ್ರಾನ್ ಒಂದು ಸುಳ್ಳೂ ಹೇಳಿರಲಿಲ್ಲ. ಕ್ಯಾನ್ ಜೋಡಿಸಿದ್ದು ನಿಜ. ಬಾಟ್‌ಗೆ ಅಷ್ಟು ಹೇಳಿದರೆ ಸಾಕು ಎಂದುಕೊಂಡಿದ್ದ. ಆ ಕಡೆ ಮನುಷ್ಯರಿದ್ದಾರೆ ಎಂದು ನಂಬಿದ ಮೇಲೆಯೇ ಜನ ತಮ್ಮ ಕಷ್ಟ ಹೇಳಿಕೊಳ್ಳುವುದು. ನಮಗೆ ಬೇಕಾದ ಸುಳಿವು ಬಹಳ ಸಲ ಆ ಕಷ್ಟದೊಳಗೇ ಇರುತ್ತದೆ.

ಈ ಪ್ರಸಂಗ ಕೇಳಿ ನಮ್ಮ ಮ್ಯಾನೇಜರ್ ಬಹಳ ಖುಷಿಪಟ್ಟರು. ‘ಊಟ ಆಯ್ತಾ?’ ಎಂದು ಕೇಳುವುದನ್ನು ಬಾಟ್‌ಗೇ ಕಲಿಸಿಬಿಟ್ಟರು. ಅಂದಿನಿಂದ ಎಲ್ಲ ಆಸ್ಪತ್ರೆಗಳಿಂದಲೂ ಒಂದೇ ಉತ್ತರ: ‘ಯೆಸ್.’