ಖಾದರಬಿಯ ಎಡಗಾಲು

ಸಕ್ಕರೆ ಕಾಯಿಲೆ ಹಳೆಯದಾದವರ ಕಾಲಿನ ಹುಣ್ಣು ಎಷ್ಟೋ ಸಲ ನೋಯುವುದೇ ಇಲ್ಲ. ಅಲ್ಲಿನ ನರ ಸತ್ತಿರುತ್ತದೆ. ಓಣಿ ಓಣಿಗೂ ಸಕ್ಕರೆಯವರಿರುವ ಈ ಕಾಲದಲ್ಲಿ ಇದು ಹಾದಿಬೀದಿಯಲ್ಲಿ ಗೊತ್ತಿರಬೇಕಾದ ಸಂಗತಿ. ನವಲಗುಂದದ ಖಾದರಬಿಗೆ ಗೊತ್ತಿರಲಿಲ್ಲ. ತಿಳಿಸಿ ಹೇಳಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ.

ಖಾದರಬಿ ಜಮಖಾನ ನೇಯುವವಳು. ಒಳಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿದ ಮಗ್ಗ, ಅದರ ಮುಂದೆ ಕೂರಲು ಒಂದು ಹಲಗೆ. ಆ ಕೋಣೆಯ ಬಾಗಿಲು ಹೊರಗಿನವರಿಗೆ ತೆರೆಯುತ್ತಿರಲಿಲ್ಲ. ಅತ್ತೆ ಸೊಸೆಗೆ ಕಲಿಸಬೇಕು, ಆ ಸೊಸೆ ಮುಂದೆ ತನ್ನ ಸೊಸೆಗೆ. ಕೊಟ್ಟ ಮನೆಗೆ ಕಸುಬು ಹೋದೀತೆಂದು ಹೆತ್ತ ಮಗಳಿಗೂ ತೋರಿಸುವಂತಿಲ್ಲ. ಆ ಮನೆಯ ಕಟ್ಟಳೆ ಅದು. ಮಗಳು ಸುಲ್ತಾನಾ ತವರಿಗೆ ಬಂದಳೆಂದರೆ ಮಗ್ಗದ ಮೇಲೆ ಚಾದರ ಬೀಳುತ್ತಿತ್ತು. "ನಾ ಏನ್ ಕಳ್ಳಿ ಏನಮ್ಮಿ?" ಎಂದು ಆಕೆ ನಗುನಗುತ್ತಲೇ ಚುಚ್ಚುತ್ತಿದ್ದಳು. ಇನ್ನು ಚಪ್ಪಲಿಯಂತೂ ಆ ಹೊಸ್ತಿಲು ದಾಟಿದ್ದೇ ಇಲ್ಲ.

ಎಡಗಾಲು ಮಡಚಿ, ಪಾದದ ಹೊರಮಗ್ಗುಲು ಅಡಿಗೆ ಹಾಕಿ ಹಲಗೆಯ ಮೇಲೆ ಕೂರುವುದು ಖಾದರಬಿಗೆ ಮದುವೆಯಾಗಿ ಬಂದಾಗಿನಿಂದ ರೂಢಿ. ಕಬ್ಬಿಣದ ಪಂಜಾದಿಂದ ನೂಲನ್ನು ಬಡಿದು ಕೂಡಿಸುವಾಗ ಮೈಭಾರವೆಲ್ಲ ಅದೇ ಅಂಚಿಗೆ ಬೀಳುತ್ತಿತ್ತು.

ಒಂದು ದಿನ ಮಗ್ಗದ ಕೆಳತುದಿಯಲ್ಲಿ, ಮಡಚಿದ ಕಾಲು ತಾಗುವಲ್ಲಿ, ಜಮಖಾನದ ಬಿಳಿ ಪಟ್ಟಿಯ ಮೇಲೆ ಕಂದು ಕಲೆ ಕಂಡಿತು. ಖಾದರಬಿ ಸೊಸೆ ರುಬಿಯಾಳನ್ನು ಝಾಡಿಸಿದಳು: ನೂಲು ಸರಿಯಾಗಿ ತೊಳೆದಿಲ್ಲ, ಕೆಂಪು ಬಿಟ್ಟಿದೆ, ನಿನ್ನ ಲಕ್ಷ್ಯವೆಲ್ಲ ಮೊಬೈಲಿನಾಗ. ರುಬಿಯಾ ಬಗ್ಗಿ ಅತ್ತೆಯ ಪಾದ ಹೊರಳಿಸಿದಳು. ಕಿರುಬೆರಳಿನ ಕೆಳಗೆ ಒಂದು ಕುಳಿ, ಒಳಗೆಲ್ಲ ಕಪ್ಪು. ಕಲೆ ನೂಲಿನದಾಗಿರಲಿಲ್ಲ.

"ನೋಯೂದ ಇಲ್ಲಲೇ ಅದು," ಎಂದಳು ಖಾದರಬಿ, ಅಷ್ಟೇನೂ ದೊಡ್ಡ ಮಾತಲ್ಲ ಎಂಬಂತೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಸಂಪದಾ ಸತ್ತ ಮಾಂಸ ಕೆತ್ತಿ ತೆಗೆದರು. ಗಾಯಕ್ಕೆ ಸ್ಪಂಜು ತುಂಬಿ, ಗಾಳಿಯಾಡದ ತೆಳು ಹಾಳೆ ಅಂಟಿಸಿ, ಅದಕ್ಕೊಂದು ಕೊಳವೆ ಸಿಕ್ಕಿಸಿ ಸಣ್ಣ ಯಂತ್ರಕ್ಕೆ ಜೋಡಿಸಿದರು. ಯಂತ್ರ ಗಾಯದ ಕೀವುನೀರನ್ನು ಬಿಡದೆ ಹೀರುತ್ತದೆ, ಒಳಗೆ ಹೊಸ ಮಾಂಸ ಬೆಳೆಯುತ್ತದೆ. "ಕೂಸು ಹಾಲ ಕುಡದಂಗ ಕುಡೀತೈತಿ ನೋಡ," ಎಂದು ಖಾದರಬಿ ಸೊಸೆಗೆ ತೋರಿಸಿ ನಕ್ಕಳು. ಗಾಯದ ತಳ ಕೆಂಪಗಾಯಿತು. ಮೇಲೆ ತೊಡೆಯ ಚರ್ಮ ತೆಗೆದು ಹೊದಿಸಿದರು. ಅದೂ ಹತ್ತಿಕೊಂಡಿತು. ಹಿಂದಿನವರಿಗೆ ಕನಸಿನಲ್ಲೂ ಇಲ್ಲದಿದ್ದ ಉಪಚಾರ. ಅದರಲ್ಲಿ ತಪ್ಪು ಹುಡುಕುವವನು ನಾನಲ್ಲ.

ಮನೆಗೆ ಕಳಿಸುವಾಗ ಪಾದಕ್ಕೆ ಭಾರ ತಾಗದಂಥ ದಪ್ಪ ಬೂಟು ಕೊಟ್ಟರು. ಕಾಲು ನೆಲಕ್ಕೆ ಊರಬಾರದು, ಅಡ್ಡಾಡಬಾರದು, ಕುಳಿತಲ್ಲೇ ಇರಬೇಕು ಎಂದು ಹೇಳಿದರು.

ಖಾದರಬಿ ಅಗದಿ ಹೇಳಿದಂತೆ ನಡೆದುಕೊಂಡಳು. ಬಚ್ಚಲಿಗೂ ಸೊಸೆಯ ಹೆಗಲು ಹಿಡಿದೇ ಹೋದಳು. ಉಳಿದ ಹೊತ್ತೆಲ್ಲ ಕುಳಿತಳು. ಎಲ್ಲಿ? ಮಗ್ಗದ ಮುಂದೆ. ನವಿಲಿನ ಚಿತ್ತಾರದ ಜಮಖಾನ ಸೊಸೆಗೆ ಕಲಿಸುವುದೊಂದು ಬಾಕಿಯಿತ್ತು. ಬೂಟು ಹೊಸ್ತಿಲ ಹೊರಗೆ ಉಳಿಯಿತು. ಎಡಗಾಲು ತಾನಾಗಿಯೇ ಮಡಚಿಕೊಂಡಿತು. ಹೊಸ ಚರ್ಮದ ಮೇಲೆ ಹಳೆಯ ಭಾರ.

ಪಟ್ಟಿ ಬದಲಿಸಲು ಬರುತ್ತಿದ್ದ ನರ್ಸಿಗೆ ಪಡಸಾಲೆಯಲ್ಲೇ ಕಾಲು ತೋರಿಸುತ್ತಿದ್ದರು. ಅಡ್ಡಾಡುತ್ತಾರೇನು ಎಂದು ನರ್ಸು ಕೇಳಿದಳು. ಇಲ್ಲ, ದಿನವಿಡೀ ಕುಳಿತೇ ಇರುತ್ತಾರೆ ಎಂದಳು ರುಬಿಯಾ. ಸುಳ್ಳಲ್ಲ. ಉಳಿದದ್ದು ಆಕೆಯ ನಾಲಿಗೆಯ ತುದಿವರೆಗೆ ಬಂದಿತ್ತು. ಹೇಳಿದರೆ ನರ್ಸು ಒಳಗೆ ಬಂದು ನೋಡುತ್ತಾಳೆ, ಮುಚ್ಚಿಟ್ಟ ಮಗ್ಗ ಬಯಲಾಗುತ್ತದೆ. ನುಂಗಿಕೊಂಡಳು. ನರ್ಸು ಮುಚ್ಚಿದ ಬಾಗಿಲು ನೋಡಿದಳು, ಅತ್ತ ಏನಿದೆ ಎಂದು ಕೇಳಲಿಲ್ಲ.

ಹೊದಿಸಿದ ಚರ್ಮ ಕಪ್ಪಾಯಿತು. ಕೀವು ಎಲುಬಿಗೆ ಇಳಿಯಿತು. ಜ್ವರ ಏರಿ ಮಾತು ತಡವರಿಸತೊಡಗಿದಾಗ ಮತ್ತೆ ಹುಬ್ಬಳ್ಳಿಗೆ ಒಯ್ದರು. ಜೀವ ಉಳಿಸಲು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಆಮೇಲೆ ಬಂತು ಪ್ರಶ್ನೆ. ಮಂಚದ ಬಾಜು ನಿಂತು ಡಾಕ್ಟರ್ ಸಂಪದಾ ಕೇಳಿದರು:

"ಮನ್ಯಾಗ ನೀವು ಹೆಂಗ ಕುಂದರ್ತಿದ್ರಿ, ಅಮ್ಮಾರ?"

ಖಾದರಬಿ ಕೈಯೂರಿ ಎದ್ದು ಕುಳಿತಳು. "ಹಿಂಗರಿ," ಎಂದು ಎಡಗಾಲು ಮಡಚಲು ಹೋದಳು. ತೊಡೆ ಹೊರಳಿತು. ಅಡಿಗೆ ಹಾಕಿಕೊಳ್ಳಲು ಪಾದವಿರಲಿಲ್ಲ. ಚಾದರದ ಕೆಳಗೆ ಪಟ್ಟಿ ಸುತ್ತಿದ ಮೋಟುಗಾಲು ಒಮ್ಮೆ ಅಲುಗಾಡಿ ನಿಂತಿತು.

ಡಾಕ್ಟರ್ ಚಾದರ ಸರಿಮಾಡಿದರು. ಇದನ್ನು ಮೊದಲೇ ತೋರಿಸಿದ್ದರೆ, ಎಂದು ಮಾತು ತೆಗೆದರು.

"ನೀವು ಕೇಳಲಿಲ್ಲಲ್ರಿ ಡಾಕ್ಟರ್ ಬಾಯಾರ," ಎಂದಳು ಖಾದರಬಿ. ಬಾಗಿಲಲ್ಲಿ ನಿಂತಿದ್ದ ರುಬಿಯಾ ಮುಖ ಗೋಡೆಗೆ ತಿರುಗಿಸಿದಳು.

ಈಗ ಆ ಒಳಕೋಣೆಯ ಬಾಗಿಲಿಗೆ ಚಿಲಕ ಬೀಳುವುದಿಲ್ಲ. ರುಬಿಯಾ ದಿನಾ ಮುಂಜಾನೆ ಅತ್ತೆಯ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಯೂ ಬಿಡದೆ ನೋಡುತ್ತಾಳೆ. ಅರ್ಧಕ್ಕೆ ನಿಂತ ನವಿಲು ಮಗ್ಗದ ಮೇಲೆ ಹಾಗೇ ಇದೆ.

ಅಯ್ಯೋ ಪಾಪ ಎಂದು ಪುಟ ತಿರುವಬೇಡಿ. ನಿಮ್ಮ ಮನೆಯಲ್ಲೂ ಒಬ್ಬ ಸಕ್ಕರೆಯವರಿದ್ದರೆ ಈಗಲೇ ಏಳಿ. ನೋವಿಲ್ಲ ಎಂದರೆ ನಂಬಬೇಡಿ. ಕಾಲು ಹಿಡಿದೆತ್ತಿ ಅಂಗಾಲು ನೋಡಿ. ದಿನವಿಡೀ ಎಲ್ಲಿ ಕೂರುತ್ತಾರೆ, ಹೇಗೆ ಕೂರುತ್ತಾರೆ, ಕೂತು ತೋರಿಸಲು ಹೇಳಿ. ಕಾಲು ಇರುವಾಗಲೇ ಕೇಳಿ.